ಕಥಾಲೋಕದ ಒಡೆತನ: ಕೇಯಾಸಿಯಂ ಪ್ರಕಾಶನದ ಪಾತ್ರಧಾರಣೆಯ ಆಟಗಳು

ಕರ್ತೃತ್ವವನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಕಾವ್ಯ, ಕಾದಂಬರಿ, ನಾಟಕಗಳ ಸುತ್ತಲೇ ನಡೆದುಕೊಂಡು ಬಂದಿವೆ. ಓದಿ ಮುಗಿಸುವುದಕ್ಕಲ್ಲದೆ, ಓದಿದವರು ಮುಂದೆ ತಾವೇ ಕಥೆ ಕಟ್ಟಲೆಂದು ಅಚ್ಚಾಗುವ ಪುಸ್ತಕಗಳ ಪ್ರಕಾರವೊಂದು 1974ರಿಂದೀಚೆಗೆ ಅಮೆರಿಕದಲ್ಲಿ ಬೆಳೆದಿದೆ. ಆ ವರ್ಷ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಹೊರಬಂದಿತು. ಇದರೊಂದಿಗೆ ಆರಂಭವಾದ ಪ್ರಕಾರವನ್ನು ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಪಾತ್ರಧಾರಣೆಯ ಆಟ ಎಂದು ಕರೆಯಬಹುದು. ನಾಲ್ಕಾರು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬನು ಸೂತ್ರಧಾರನಾಗಿ ಸನ್ನಿವೇಶವನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ಫಲಿತಾಂಶ ಅನಿಶ್ಚಿತವಾದಲ್ಲಿ ದಾಳ ಉರುಳಿಸಿ ನಿರ್ಧರಿಸುತ್ತಾರೆ. ಸ್ಥೂಲವಾಗಿ ಆಟದ ಸ್ವರೂಪ ಇಷ್ಟೇ.

ಅಚ್ಚಾದ ಪ್ರಸಂಗವನ್ನು ಆಧಾರವಾಗಿಟ್ಟುಕೊಂಡು ಆಶುವಾಗಿ ಅರ್ಥ ಹೇಳುವ ತಾಳಮದ್ದಳೆಯು ಕನ್ನಡದ ಓದುಗರಿಗೆ ಇಲ್ಲಿ ಸಹಜವಾಗಿ ನೆನಪಾಗುತ್ತದೆ. ಆದರೆ ಹೋಲಿಕೆ ಒಂದು ಹಂತದವರೆಗೆ ಮಾತ್ರ ಸಲ್ಲುತ್ತದೆ. ತಾಳಮದ್ದಳೆಯಲ್ಲಿ ಕರ್ಣನು ಎಷ್ಟೇ ಚೆನ್ನಾಗಿ ವಾದಿಸಿದರೂ ಪ್ರಸಂಗದ ಕೊನೆ ಬದಲಾಗುವುದಿಲ್ಲ, ಕೇಳಲು ಸಭೆಯೂ ಇರುತ್ತದೆ. ಪಾತ್ರಧಾರಣೆಯ ಆಟದಲ್ಲಿ ಕೊನೆ ಯಾರಿಗೂ ಗೊತ್ತಿರುವುದಿಲ್ಲ, ಆಡುವವರೇ ಕೇಳುಗರು. ಹೀಗಿರುವಾಗ ಅಚ್ಚಾದ ಪುಸ್ತಕದ ಲೇಖಕನಿಗೆ, ಪ್ರಕಾಶಕನಿಗೆ, ಆಟಗಾರನಿಗೆ ಆ ಕಥಾಲೋಕದಲ್ಲಿ ಯಾವ ಪಾಲು ಎಂಬ ಪ್ರಶ್ನೆ ಬರುತ್ತದೆ. ಅದನ್ನು ಪರಿಶೀಲಿಸಲು ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಹುಟ್ಟಿದ ಕೇಯಾಸಿಯಂ ಎಂಬ ಸ್ವತಂತ್ರ ಪ್ರಕಾಶನ ಸಂಸ್ಥೆಯ ಇತಿಹಾಸ ಒಳ್ಳೆಯ ಆಕರವಾಗಿದೆ.

ಸಂಸ್ಥಾಪಕ ಗ್ರೆಗ್ ಸ್ಟಾಫರ್ಡ್ (1948-2018) ವಿಸ್ಕಾನ್ಸಿನ್‌ನ ಬೆಲಾಯಿಟ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ, 1966ರಲ್ಲಿ, ಗ್ಲೊರಾಂಥಾ ಎಂಬ ಕಲ್ಪಿತ ಲೋಕದ ಪುರಾಣಗಳನ್ನು ಬರೆಯತೊಡಗಿದನು. ಆಗ ಪಾತ್ರಧಾರಣೆಯ ಆಟ ಎಂಬುದೇ ಇರಲಿಲ್ಲ. ಆ ಲೋಕವನ್ನು ಆಧರಿಸಿ ಅವನು ಮುಂದೆ ರಚಿಸಿದ 'ವೈಟ್ ಬೇರ್ ಅಂಡ್ ರೆಡ್ ಮೂನ್' ಎಂಬ ಹಾಸುಪಟದ ಯುದ್ಧದಾಟವು ಬೇರೆ ಪ್ರಕಾಶಕರ ಮೂಲಕ ಹೊರಬರಲಿಲ್ಲ. ಅದನ್ನು ತಾನೇ ಅಚ್ಚು ಹಾಕಿಸಲು ಸಂಸ್ಥೆಯೊಂದನ್ನು ಕಟ್ಟಿದನು. ಆಗ ಅವನ ವಾಸ ಓಕ್ಲೆಂಡಿನ ಕ್ರೀಡಾಂಗಣವಾದ ಕೊಲಿಸಿಯಂ ಬಳಿಯಲ್ಲಿತ್ತು. 'ಕೇಯಾಸ್' ಎಂಬ ಪದಕ್ಕೆ ಅದರ ಬಾಲವನ್ನು ಜೋಡಿಸಿದ್ದರಿಂದ ಈ ಹೆಸರು ಹುಟ್ಟಿತು. ಲೇಖಕನು ತನ್ನ ಕೃತಿಗಾಗಿಯೇ ಪ್ರಕಾಶಕನಾದ ಈ ಆರಂಭವನ್ನು ನೆನಪಿನಲ್ಲಿಡಬೇಕು. ಮುಂದಿನ ವಿವಾದಗಳೆಲ್ಲ ಈ ಎರಡು ಪಾತ್ರಗಳು ಬೇರೆಬೇರೆಯಾದಾಗ ಹುಟ್ಟಿದಂಥವು.

1978ರಲ್ಲಿ ಸ್ಟೀವ್ ಪೆರಿನ್ ಮತ್ತು ಸಂಗಡಿಗರು ರಚಿಸಿದ 'ರೂನ್‌ಕ್ವೆಸ್ಟ್' ಗ್ಲೊರಾಂಥಾವನ್ನು ಪಾತ್ರಧಾರಣೆಯ ಆಟಕ್ಕೆ ತಂದಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಪಾತ್ರವು ಯೋಧ, ಮಾಂತ್ರಿಕ ಮೊದಲಾದ ಸಿದ್ಧ ವರ್ಗಗಳಲ್ಲಿ ಒಂದಕ್ಕೆ ಸೇರಬೇಕು. ರೂನ್‌ಕ್ವೆಸ್ಟ್ ಆ ವರ್ಗಗಳನ್ನು ಕೈಬಿಟ್ಟು ಪ್ರತಿಯೊಂದು ಕೌಶಲವನ್ನೂ ಶೇಕಡಾ ಲೆಕ್ಕದಲ್ಲಿ ಅಳೆಯಿತು. ಮರ ಹತ್ತಿ ಗೆದ್ದವನಿಗೆ ಮರ ಹತ್ತುವ ಕೌಶಲವೇ ಹೆಚ್ಚುವ ಅವಕಾಶ. ಇದಕ್ಕಿಂತ ಮುಖ್ಯವಾದದ್ದು, ಪಾತ್ರಗಳು ಯಾವುದಾದರೊಂದು ದೇವತೆಯ ಪಂಥಕ್ಕೆ ಸೇರಿ, ಆ ದೇವತೆಯ ಕಥೆಯಿಂದ ತಮ್ಮ ಬಲವನ್ನು ಪಡೆಯುತ್ತವೆ ಎಂಬ ಕಲ್ಪನೆ. ಗ್ಲೊರಾಂಥಾದಲ್ಲಿ ನೆಲದಿಂದ ಅಗೆಯುವ ಕಂಚು ಸತ್ತ ದೇವತೆಗಳ ಮೂಳೆ. ಅಲ್ಲಿನ ವೀರನು ವಿಧಿಪೂರ್ವಕವಾಗಿ ಪುರಾಣಕಾಲವನ್ನು ಪ್ರವೇಶಿಸಿ ದೇವತೆಯ ಕೃತ್ಯಗಳನ್ನು ಮತ್ತೆ ನಡೆಸಬಲ್ಲನು, ಕೆಲವೊಮ್ಮೆ ಪುರಾಣವನ್ನೇ ತಿದ್ದಬಲ್ಲನು. 1982ರ 'ಟ್ರೋಲ್‌ಪ್ಯಾಕ್', ಇತರ ಆಟಗಳಲ್ಲಿ ಕೊಲ್ಲಲೆಂದೇ ಇರುವ ರಾಕ್ಷಸಜಾತಿಯೊಂದಕ್ಕೆ ಅದರದೇ ಚರಿತ್ರೆ, ಆಹಾರಪದ್ಧತಿ, ದುಃಖಗಳನ್ನು ಕೊಟ್ಟಿತು. ಜಾನಪದ ವಿದ್ಯಾರ್ಥಿಗಳು ಈ ಒಂದು ಕೃತಿಯನ್ನಾದರೂ ನೋಡುವುದು ಉಚಿತ.

ಸಂಸ್ಥೆಗೆ ಹೆಚ್ಚು ಓದುಗರನ್ನು ತಂದುಕೊಟ್ಟದ್ದು ಸ್ಯಾಂಡಿ ಪೀಟರ್ಸನ್ ರಚಿಸಿದ 'ಕಾಲ್ ಆಫ್ ಕುಥುಲು' (1981). ಎಚ್. ಪಿ. ಲವ್‌ಕ್ರಾಫ್ಟ್‌ನ (1890-1937) ಭಯಾನಕ ಕಥೆಗಳು ಇದಕ್ಕೆ ಮೂಲ. 1920ರ ದಶಕದ ಸಾಮಾನ್ಯ ಶೋಧಕರು ಇಲ್ಲಿನ ಪಾತ್ರಗಳು. ಅವರಿಗೆ ದೇಹಬಲದಂತೆ ಮನಃಸ್ವಾಸ್ಥ್ಯವೂ ಒಂದು ಅಂಕಿ. ಘೋರವಾದುದನ್ನು ಕಂಡಾಗ ದಾಳ ಬೀಳುತ್ತದೆ, ಅಂಕಿ ಇಳಿಯುತ್ತದೆ. ನಿಷಿದ್ಧ ಗ್ರಂಥಗಳನ್ನು ಓದಿದರೆ ಗೂಢಜ್ಞಾನ ಹೆಚ್ಚುತ್ತದೆ. ಆದರೆ 99ರಿಂದ ಆ ಜ್ಞಾನದ ಅಂಕಿಯನ್ನು ಕಳೆದಷ್ಟೇ ಮನಃಸ್ವಾಸ್ಥ್ಯದ ಗರಿಷ್ಠ ಮಿತಿ. ಅರಿತಷ್ಟೂ ಬುದ್ಧಿ ಕದಲುವುದೆಂಬ ಲವ್‌ಕ್ರಾಫ್ಟ್‌ನ ದರ್ಶನವನ್ನು ಒಂದು ವ್ಯವಕಲನದಲ್ಲಿ ಹಿಡಿದಿಟ್ಟಿರುವುದು ವಿಮರ್ಶೆಯ ದೃಷ್ಟಿಯಿಂದ ಗಮನಾರ್ಹ. ನಿಯಮವೇ ಇಲ್ಲಿ ಕೃತಿಯ ವ್ಯಾಖ್ಯಾನವಾಗಿದೆ. ಈ ಆಟಕ್ಕೆ ಜಪಾನಿನಲ್ಲಿ ಇಂದಿಗೂ ದೊಡ್ಡ ಆಟಗಾರ ಸಮೂಹವಿದೆ.

ಇನ್ನು ಒಡೆತನದ ವಿಷಯ. 1980ರಲ್ಲಿ ಟಿಎಸ್‌ಆರ್ ಸಂಸ್ಥೆಯು ತನ್ನ 'ಡೀಟೀಸ್ ಅಂಡ್ ಡೆಮಿಗಾಡ್ಸ್' ಪುಸ್ತಕದಲ್ಲಿ ಲವ್‌ಕ್ರಾಫ್ಟ್ ಮತ್ತು ಮೈಕೆಲ್ ಮೂರ್‌ಕಾಕ್‌ರ ಲೋಕಗಳ ದೇವತೆಗಳನ್ನು ಸೇರಿಸಿತು. ಆ ಲೋಕಗಳ ಆಟಕ್ಕೆ ಕೇಯಾಸಿಯಂ ಪರವಾನಗಿ ಪಡೆದಿತ್ತು. ಕೃತಜ್ಞತೆಯ ಒಂದು ಸಾಲನ್ನು ಮುದ್ರಿಸಬೇಕೆಂಬ ಒಪ್ಪಂದದಲ್ಲಿ ಪ್ರಕರಣ ಮುಗಿಯಿತು. ನಂತರದ ಮುದ್ರಣಗಳಲ್ಲಿ ಟಿಎಸ್‌ಆರ್ ಆ ಭಾಗಗಳನ್ನೇ ತೆಗೆದುಹಾಕಿತು.

ಇದಕ್ಕಿಂತ ಗಂಭೀರವಾದುದು 1984ರ ಒಪ್ಪಂದ. ದೊಡ್ಡ ಪ್ರಕಾಶಕರಾದ ಅವಲಾನ್ ಹಿಲ್ ಸಂಸ್ಥೆಯವರು ರೂನ್‌ಕ್ವೆಸ್ಟ್‌ನ ಮೂರನೆಯ ಆವೃತ್ತಿಯನ್ನು ಹೊರತಂದರು. ಆಟದ ಹೆಸರಿನ ವ್ಯಾಪಾರಮುದ್ರೆ ಅವರ ಪಾಲಾಯಿತು. ಗ್ಲೊರಾಂಥಾ ಮಾತ್ರ ಸ್ಟಾಫರ್ಡ್‌ನ ಕೈಯಲ್ಲಿ ಉಳಿಯಿತು. ಪರಿಣಾಮವಾಗಿ ಆಟ ಒಬ್ಬರದು, ಆಟದ ಲೋಕ ಇನ್ನೊಬ್ಬರದು ಎಂಬ ವಿಚಿತ್ರ ಸ್ಥಿತಿ ಉಂಟಾಯಿತು. ಇದು ಸೋಲೆಂದು ಅನೇಕರು ಭಾವಿಸುವುದುಂಟು; ಆದರೆ ಸಮಕಾಲೀನ ಉದಾಹರಣೆಯೊಂದಿಗೆ ಇಟ್ಟು ನೋಡಿದರೆ ಚಿತ್ರ ಬದಲಾಗುತ್ತದೆ. 1985ರಲ್ಲಿ ಗೈಗ್ಯಾಕ್ಸ್ ತಾನೇ ಸ್ಥಾಪಿಸಿದ ಟಿಎಸ್‌ಆರ್‌ನ ಹಿಡಿತವನ್ನು ಕಳೆದುಕೊಂಡನು. ಅವನ ಗ್ರೇಹಾಕ್ ಎಂಬ ಲೋಕವು ಸಂಸ್ಥೆಯ ಸೊತ್ತಾಗಿ ಅಲ್ಲೇ ಉಳಿಯಿತು. ಸ್ಟಾಫರ್ಡ್ ಕಳೆದುಕೊಂಡದ್ದು ಹೆಸರನ್ನು; ಗೈಗ್ಯಾಕ್ಸ್ ಲೋಕವನ್ನೇ.

1996ರಲ್ಲಿ ಕೇಯಾಸಿಯಂ ಹೊರತಂದ 'ಮಿಥೋಸ್' ಎಂಬ ಸಂಗ್ರಹದ ಇಸ್ಪೀಟಾಟ ಮೊದಲು ಮಾರಾಟವಾಗಿ, ಮುಂದೆ ಭಾರೀ ನಷ್ಟಕ್ಕೆ ದಾರಿಯಾಯಿತು. 1998ರಲ್ಲಿ ಸಂಸ್ಥೆ ಒಡೆಯಿತು. ಸ್ಟಾಫರ್ಡ್ ಗ್ಲೊರಾಂಥಾದೊಂದಿಗೆ ಹೊರನಡೆದು ಇಸ್ಸರೀಸ್ ಎಂಬ ಬೇರೆ ಸಂಸ್ಥೆ ಕಟ್ಟಿದನು. ಆರ್ಥರ್ ರಾಜನ ಕಥಾಚಕ್ರವನ್ನು ಆಧರಿಸಿ ಅವನೇ 1985ರಲ್ಲಿ ರಚಿಸಿದ, ಅವನ ಶ್ರೇಷ್ಠ ಕೃತಿಯೆಂದೇ ಹೇಳಬೇಕಾದ 'ಪೆಂಡ್ರಾಗನ್', ಗ್ರೀನ್ ನೈಟ್ ಪ್ರಕಾಶನಕ್ಕೆ ಹೋಯಿತು. ಕುಥುಲು ಚಾರ್ಲಿ ಕ್ರ್ಯಾಂಕ್ ಮತ್ತು ಲಿನ್ ವಿಲಿಸ್‌ರ ಉಸ್ತುವಾರಿಯಲ್ಲಿ ಕೇಯಾಸಿಯಂನಲ್ಲೇ ಉಳಿಯಿತು. ಕೂಡುಕುಟುಂಬದ ಹಿಸ್ಸೆಯಂತೆ ಕಥಾಲೋಕಗಳು ಹಂಚಿಹೋದವು.

'ಸ್ವತಂತ್ರ' ಎಂಬ ಪದದ ಅರ್ಥವೂ ಈ ಕಾಲದಲ್ಲೇ ಚರ್ಚೆಗೆ ಬಂದಿತು. 'ಸಾರ್ಸರರ್' ಆಟದ ಕರ್ತೃ ರಾನ್ ಎಡ್ವರ್ಡ್ಸ್ ಮತ್ತು ಅವನ ಸಮಕಾಲೀನರ ಪ್ರಕಾರ, ಪ್ರಕಾಶಕನು ಚಿಕ್ಕವನಾಗಿರುವುದು ಸ್ವಾತಂತ್ರ್ಯದ ಲಕ್ಷಣವಲ್ಲ. ಕೃತಿಯ ಒಡೆತನ ರಚಿಸಿದವನಲ್ಲೇ ಇರುವುದು ಅದರ ಲಕ್ಷಣ. ಈ ಅಳತೆಗೋಲಿನಿಂದ 1975ರ ಕೇಯಾಸಿಯಂ ಸ್ವತಂತ್ರ, 1998ರದು ಅಷ್ಟರಮಟ್ಟಿಗೆ ಅಲ್ಲ.

2013ರಲ್ಲಿ ಕುಥುಲು ಆಟದ ಏಳನೆಯ ಆವೃತ್ತಿಗಾಗಿ ಓದುಗರಿಂದಲೇ ಮುಂಗಡವಾಗಿ ಐದು ಲಕ್ಷ ಡಾಲರಿಗೂ ಹೆಚ್ಚು ಹಣ ಸಂಗ್ರಹವಾಯಿತು. ಆದರೆ ಹಣ ಕೊಟ್ಟವರು ವರ್ಷಗಟ್ಟಲೆ ಕಾಯಬೇಕಾಯಿತು. ವಿದೇಶಗಳಿಗೆ ಪುಸ್ತಕ ಕಳುಹಿಸುವ ವೆಚ್ಚದ ಅಂದಾಜು ತಪ್ಪಿತ್ತು; ವಾಗ್ದಾನ ಮಾಡಿದ ಉಡುಗೊರೆಗಳು ಹೊರೆಯಾದವು. ಸಂಸ್ಥೆ ಮುಚ್ಚುವ ಸ್ಥಿತಿಗೆ ಬಂದಾಗ, 2015ರ ಜೂನ್‌ನಲ್ಲಿ ಸ್ಟಾಫರ್ಡ್ ಮತ್ತು ಪೀಟರ್ಸನ್ ಮರಳಿ ಬಂದರು. ಅದೇ ವರ್ಷ ಮೂನ್ ಡಿಸೈನ್ ಪ್ರಕಾಶನದವರು ಆಡಳಿತವನ್ನು ವಹಿಸಿಕೊಂಡರು. ಇವರು ಮೂಲತಃ ಗ್ಲೊರಾಂಥಾದ ಓದುಗರು, ಅಭಿಮಾನಿಗಳು. 2013ರಲ್ಲೇ ಆ ಲೋಕದ ಹಕ್ಕುಗಳನ್ನು ಸ್ಟಾಫರ್ಡ್‌ನಿಂದ ಕೊಂಡವರು. ಓದುಗರೇ ಒಡೆಯರಾದ ಈ ಬೆಳವಣಿಗೆ ಪ್ರಕಾಶನದ ಚರಿತ್ರೆಯಲ್ಲಿ ಅಪರೂಪದ್ದು. ಅಚ್ಚಿನ ಪುಸ್ತಕಗಳು ಕೊನೆಗೂ ಚಂದಾದಾರರ ಕೈಸೇರಿದವು. ರೂನ್‌ಕ್ವೆಸ್ಟ್ ಹೆಸರು ಮತ್ತು ಗ್ಲೊರಾಂಥಾ ಒಂದೇ ಸೂರಿನಡಿ ಬಂದು, 2018ರಲ್ಲಿ ಹೊಸ ಆವೃತ್ತಿ ಪ್ರಕಟವಾಯಿತು. ಪೆಂಡ್ರಾಗನ್ ಕೂಡ ಆ ವರ್ಷ ಮರಳಿತು. ಅಕ್ಟೋಬರಿನಲ್ಲಿ ಸ್ಟಾಫರ್ಡ್ ತೀರಿಕೊಂಡನು.

ಒಡೆತನಕ್ಕಾಗಿ ಇಷ್ಟು ಹೆಣಗಿದ ಲೇಖಕನೇ, ಪ್ರತಿಯೊಬ್ಬ ಆಟಗಾರನ ಗ್ಲೊರಾಂಥಾ ಬೇರೆಯಾಗಿಯೇ ಇರುತ್ತದೆ ಎಂದು ಹೇಳುತ್ತ ಬಂದಿದ್ದನು. ಮೇಲ್ನೋಟಕ್ಕೆ ಇದು ವಿರೋಧಾಭಾಸ. ವಾಸ್ತವವಾಗಿ ಇವು ಎರಡು ಬೇರೆ ಹಕ್ಕುಗಳು: ಮಾರುವ ಹಕ್ಕು ಒಂದು, ಕಥೆ ಹೇಳುವ ಹಕ್ಕು ಇನ್ನೊಂದು. ಮೇಜಿನ ಸುತ್ತ ನಡೆದ ಕಥೆಗೆ ಪ್ರಕಾಶಕನ ಅಪ್ಪಣೆ ಬೇಕಿಲ್ಲ. ಅದನ್ನು ಅಚ್ಚು ಹಾಕಿ ಮಾರುವಾಗ ಮಾತ್ರ ಬೇಕು.

ಈ ಗೆರೆ ಎಲ್ಲಿದೆ ಎಂಬುದು 2023ರ ಜನವರಿಯಲ್ಲಿ ಇಡೀ ಕ್ಷೇತ್ರದ ಪ್ರಶ್ನೆಯಾಯಿತು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಡೆಯರು 2000ದಲ್ಲಿ ತಾವೇ ಕೊಟ್ಟಿದ್ದ ಮುಕ್ತ ಪರವಾನಗಿಯನ್ನು ಬದಲಿಸಹೊರಟ ಕರಡು ಬಯಲಾಗಿ, ಅದನ್ನು ನಂಬಿ ಬದುಕುತ್ತಿದ್ದ ಚಿಕ್ಕ ಪ್ರಕಾಶಕರು ಕಂಗಾಲಾದರು. ವಿರೋಧ ಹೆಚ್ಚಾದ್ದರಿಂದ ಅವರು ಹಿಂದೆ ಸರಿದರು. ಅಷ್ಟರಲ್ಲಿ ಪೈಜೋ ಸಂಸ್ಥೆಯ ಮುಂದಾಳತ್ವದಲ್ಲಿ, ಯಾವೊಬ್ಬ ಪ್ರಕಾಶಕನ ಹಿಡಿತದಲ್ಲೂ ಇಲ್ಲದ 'ಆರ್ಕ್' ಎಂಬ ಹೊಸ ಪರವಾನಗಿ ರೂಪುಗೊಳ್ಳತೊಡಗಿತ್ತು. ಕೇಯಾಸಿಯಂ ಅದಕ್ಕೆ ಕೈಜೋಡಿಸಿತು. 1980ರಲ್ಲಿ 16 ಪುಟಗಳ ಕಿರುಹೊತ್ತಗೆಯಾಗಿ ಹೊರಬಂದಿದ್ದ ತನ್ನ ಮೂಲ ನಿಯಮಾವಳಿ 'ಬೇಸಿಕ್ ರೋಲ್‌ಪ್ಲೇಯಿಂಗ್'ನ ವಿಸ್ತೃತ ರೂಪವನ್ನು 2023ರಲ್ಲಿ ಆ ಪರವಾನಗಿಯಡಿ ಪ್ರಕಟಿಸಿತು. ಈಗ ಆ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಸ್ವಂತ ಆಟ ರಚಿಸಿ ಮಾರಬಹುದು. ಗ್ಲೊರಾಂಥಾದ ದೇವತೆಗಳ ಹೆಸರುಗಳು ಮಾತ್ರ ಆ ಮುಕ್ತ ಭಾಗದಿಂದ ಹೊರಗೇ ಉಳಿದಿವೆ.