ಸಣ್ಣ ಎಂಜಿನ್ನುಗಳಲ್ಲಿ ಕಿಡಿಯ ಪರೀಕ್ಷೆ

ಹಳ್ಳ ಬಾವಿಗಳಿಂದ ನೀರೆತ್ತುವ ಸಣ್ಣ ಪೆಟ್ರೋಲ್ ಮತ್ತು ಸೀಮೆಎಣ್ಣೆ ಎಂಜಿನ್ನುಗಳು ಒಮ್ಮೊಮ್ಮೆ ಎಷ್ಟು ಸಾರಿ ಹಗ್ಗ ಜಗ್ಗಿದರೂ ಹೊರಡುವುದಿಲ್ಲ. ಪೈರು ತೆನೆಗಟ್ಟುವ ಕಾಲದಲ್ಲಿ ಹೀಗಾದರೆ ಎರಡು ದಿನಗಳ ವಿಳಂಬವೂ ನಷ್ಟಕರವಾದುದು. ಆಗ ಆಳುಗಳು ಮೊದಲು ಕಾರ್ಬುರೇಟರನ್ನು ಬಿಚ್ಚುವುದುಂಟು. ಅದಕ್ಕೆ ಮುಂಚೆ ಕಿಡಿಯನ್ನು ನೋಡತಕ್ಕದ್ದು. ಇದು ಹತ್ತು ನಿಮಿಷಗಳ ಕೆಲಸ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಕಿಲ್ಲವಾದ್ದರಿಂದ ಈ ವಿಷಯವು ಅದಕ್ಕೆ ಸಂಬಂಧಿಸಿದುದಲ್ಲ.

ಇಂತಹ ಎಂಜಿನ್ನುಗಳಲ್ಲಿ ಕಿಡಿಗೆ ಸಾಮಾನ್ಯವಾಗಿ ಬ್ಯಾಟರಿ ಇರುವುದಿಲ್ಲ. ತಿರುಗುಚಕ್ರದಲ್ಲಿ ಕೂಡಿಸಿದ ಅಯಸ್ಕಾಂತವು ತಂತಿಯ ಸುರುಳಿಯ ಮುಂದೆ ಹಾದುಹೋಗುವಾಗ ಅದರಲ್ಲಿ ವಿದ್ಯುತ್ತು ಹುಟ್ಟುವುದು. ಆ ಪ್ರವಾಹವನ್ನು ಥಟ್ಟನೆ ಕಡಿದರೆ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡವುಂಟಾಗಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವುದು. ಜರ್ಮನಿಯ ಬಾಷ್ ಕಾರ್ಖಾನೆಯಲ್ಲಿ ಹೊನೋಲ್ಡ್ ಎಂಬ ಎಂಜಿನಿಯರನು 1902ರಲ್ಲಿ ಇಂತಹ ಅಧಿಕ ಒತ್ತಡದ ಮ್ಯಾಗ್ನೆಟೋವನ್ನು ಸಿದ್ಧಪಡಿಸಿದನು.

ಪರೀಕ್ಷೆಗೆ ಮೊದಲು ಎಣ್ಣೆಯ ನಲ್ಲಿಯನ್ನು ಮುಚ್ಚಿ, ಚೆಲ್ಲಿದ ಪೆಟ್ರೋಲನ್ನು ಒರೆಸಿ, ಡಬ್ಬಿಗಳನ್ನು ದೂರವಿಡತಕ್ಕದ್ದು. ಪ್ಲಗ್ಗನ್ನು ಬಿಚ್ಚಿದ ರಂಧ್ರದಿಂದ ಪೆಟ್ರೋಲಿನ ಆವಿ ಚಿಮ್ಮುತ್ತಿರುತ್ತದೆ. ಕಿಡಿಯು ಅದರ ಸಮೀಪದಲ್ಲಿ ಹಾರಿದರೆ ಮುಖ ಕೈಗಳು ಸುಡುವುವು. ಪಂಪಿನ ಮನೆಯ ಸೂರು ಹುಲ್ಲಿನದಾದರೆ ಅನಾಹುತವು ಅಷ್ಟಕ್ಕೇ ನಿಲ್ಲದು. ಆದುದರಿಂದ ರಂಧ್ರವನ್ನು ಒಣಬಟ್ಟೆಯಿಂದ ಮುಚ್ಚಿ, ಪ್ಲಗ್ಗನ್ನು ಒಂದು ಗೇಣಾದರೂ ದೂರದಲ್ಲಿ ಹಿಡಿಯಬೇಕು.

ಪ್ಲಗ್ಗನ್ನು ಒರೆಸಿ, ಅದರ ಸಂದನ್ನು ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟಕ್ಕೆ, ಸಾಮಾನ್ಯವಾಗಿ 0.6ರಿಂದ 0.8 ಮಿಲಿಮೀಟರಿಗೆ, ಸರಿಪಡಿಸಿ, ಮತ್ತೆ ತಂತಿಯ ಟೋಪಿಗೆ ಸಿಕ್ಕಿಸಬೇಕು. ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಬಿಗಿಯಾಗಿ ತಾಗಿರಲಿ. ಹಿಡಿಯುವುದಕ್ಕೆ ರಬ್ಬರಿನ ಹಿಡಿಯುಳ್ಳ ಇಕ್ಕಳವೇ ಬೇಕು; ಬರಿಗೈಯಿಂದ ಹಿಡಿದವನಿಗೆ ಬಲವಾದ ಹೊಡೆತ ಬೀಳುವುದು. ಬಿಸಿಲಿನಲ್ಲಿ ಒಳ್ಳೆಯ ಕಿಡಿಯೂ ಕಾಣದಿರುವುದರಿಂದ ನೆರಳಿನಲ್ಲಿ ನಿಲ್ಲಿಸಿ, ಸ್ವಿಚ್ಚನ್ನು ಹಾಕಿ ಹಗ್ಗವನ್ನು ವೇಗವಾಗಿ ಎಳೆಯಬೇಕು. ತಂತಿಯನ್ನು ಎಲ್ಲಿಯೂ ತಾಗಿಸದೆ ತೂಗುಬಿಟ್ಟು ಎಳೆಯಲಾಗದು. ಸುರುಳಿಯ ಹೊದಿಕೆಯೇ ಒಡೆದೀತು.

ಚಟಚಟನೆ ಸದ್ದುಮಾಡುವ ನೀಲಿ ಕಿಡಿಯು ಒಳ್ಳೆಯದು. ಕೆಂಪಾಗಿ ತೆಳುವಾಗಿ ಬರುವುದು ದುರ್ಬಲವಾದುದು. ಆದರೂ ಬಯಲಿನಲ್ಲಿ ಹಾರಿದ ಕಿಡಿಯು ಸಿಲಿಂಡರಿನೊಳಗಣ ಒತ್ತಿದ ಗಾಳಿಯಲ್ಲಿಯೂ ಹಾರೀತೆಂಬ ಭರವಸೆಯಿಲ್ಲ, ಅಲ್ಲಿ ಹೆಚ್ಚು ವೋಲ್ಟು ಬೇಕು. ಈ ಕಾರಣದಿಂದಲೇ ಕುಶಲರು ಸುಮಾರು 4 ಮಿಲಿಮೀಟರು ಸಂದಿನ ಪರೀಕ್ಷಕವನ್ನು ಬಳಸುತ್ತಾರೆ.

ಕಿಡಿಯೇ ಬಾರದಿದ್ದರೆ ಮೊದಲು ಹೊಸ ಪ್ಲಗ್ಗಿನಿಂದ ನೋಡುವುದು. ಆಗಲೂ ಬಾರದಿದ್ದರೆ, ಎಂಜಿನ್ನನ್ನು ನಿಲ್ಲಿಸುವ ಸ್ವಿಚ್ಚಿನ ಸಣ್ಣ ತಂತಿಯನ್ನು ಸುರುಳಿಯ ಕಡೆ ಬಿಡಿಸಿ ಮತ್ತೊಮ್ಮೆ ಎಳೆಯಬೇಕು. ಈಗ ಕಿಡಿ ಬಂದರೆ ದೋಷವು ಸ್ವಿಚ್ಚಿನಲ್ಲಿ ಅಥವಾ ಇಲಿ ಕಡಿದು ಮೈಗೆ ತಾಗುತ್ತಿರುವ ಆ ತಂತಿಯಲ್ಲಿದೆ. ಹೊಸ ಸುರುಳಿಗೆ ಹಣ ತೆತ್ತ ಮೇಲೆ ಇದು ತಿಳಿದುಬಂದರೆ ಜಮೀನುದಾರರಿಗೆ ಸಂಕಟವೇ ಸರಿ. ಕೆಲವು ಎಂಜಿನ್ನುಗಳಲ್ಲಿ ಕೀಲೆಣ್ಣೆ ಕಡಮೆಯಾದರೆ ಕಿಡಿಯು ತಾನಾಗಿ ನಿಲ್ಲುವ ಏರ್ಪಾಡುಂಟು. ಎಣ್ಣೆಯ ಮಟ್ಟವನ್ನೂ ನೋಡತಕ್ಕದ್ದು. ಹಳೆಯ ಯಂತ್ರಗಳಲ್ಲಿ ಚಕ್ರದ ಕೆಳಗಣ ಪಾಯಿಂಟುಗಳಿಗೆ ಜಿಡ್ಡು ಹತ್ತಿರಬಹುದು.

ನೀಲಿ ಕಿಡಿ ಬಂದು, ಪೆಟ್ರೋಲೂ ಸರಿಯಾಗಿ ಹರಿದು, ಎಂಜಿನ್ನು ಹಗ್ಗವನ್ನು ಹಿಂದಕ್ಕೆ ಒದೆಯುತ್ತಿದ್ದರೆ, ತಿರುಗುಚಕ್ರವನ್ನು ಹಿಡಿದಿರುವ ಸಣ್ಣ ಬೆಣೆಯು ತುಂಡಾಗಿ ಕಿಡಿಯು ಅಕಾಲದಲ್ಲಿ ಬರುತ್ತಿರಬಹುದು. ಚಕ್ರವನ್ನು ಸುತ್ತಿಗೆಯಿಂದ ಬಡಿದು ಬಿಡಿಸದೆ, ಅದಕ್ಕೆ ತಕ್ಕ ಸಾಧನವುಳ್ಳ ರಿಪೇರಿಗಾರನಲ್ಲಿಗೆ ಕಳುಹಿಸುವುದು ಲೇಸು.