ದರೋಜಿ ಈರಮ್ಮ

ತೆಕ್ಕಲಕೋಟೆ, ಸಿರುಗುಪ್ಪ, ಕುರುಗೋಡುಗಳ ಸೀಮೆಯಲ್ಲಿ ಕನ್ನಡವೂ ತೆಲುಗೂ ನೆರೆಹೊರೆಯವರಂತೆ ಬಾಳುತ್ತಿವೆ. ಸಂತೆಯಲ್ಲಿ ಕಿವಿಗೊಟ್ಟು ನಿಂತರೆ, ಒಂದೇ ಮಾತಿನಲ್ಲಿ ಎರಡೂ ನುಡಿಗಳು ಬೆರೆತು ಬರುವುದು ಕೇಳಿಸುತ್ತದೆ. ಇಂತಹ ಬೆರಕೆನುಡಿಯನ್ನು ಪಂಡಿತರು ಬಹುಕಾಲ ಕೀಳಾಗಿ ಕಂಡರು. ಅದರಲ್ಲಿಯೇ ಮಹಾಕಾವ್ಯಗಳನ್ನು ಕಟ್ಟಿ ಹಾಡಿದ ಈರಮ್ಮನವರು ಇದೇ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿಯವರು.

ಅವರು ಹುಟ್ಟಿದ್ದು ಅಲೆಮಾರಿಗಳಾದ ಬುಡ್ಗಜಂಗಮರಲ್ಲಿ. ಮನೆಮಾತು ತೆಲುಗು, ಹಾಡಿ ಹೊಟ್ಟೆ ಹೊರೆಯಬೇಕಾದ ಊರುಗಳ ಮಾತು ಕನ್ನಡ. ಅವರಿಗೆ ಅಕ್ಷರದ ಪರಿಚಯವಿರಲಿಲ್ಲ. ಆದರೂ ಹಿರಿಯರಿಂದ ಕೇಳಿ ಕಲಿತು 12 ಕಾವ್ಯಗಳನ್ನು ತಮ್ಮವನ್ನಾಗಿಸಿಕೊಂಡರು. ಕುಮಾರರಾಮ, ಬಾಲನಾಗಮ್ಮ ಮೊದಲಾದವು ಅವುಗಳಲ್ಲಿ ಪ್ರಸಿದ್ಧವಾದವು. ಬುರ್ರಕಥೆಯಲ್ಲಿ ಮುಖ್ಯ ಕಥೆಗಾರರು ತಂಬೂರಿ ಹಿಡಿದು, ಬೆರಳಿಗೆ ತೊಟ್ಟ ಲೋಹದ ಬಳೆಯಿಂದ ತಾಳ ಹಾಕುತ್ತ ಕಥೆ ನಡೆಸುತ್ತಾರೆ. ಜೊತೆಯವರು ಗುಮ್ಮಟೆ ಬಾರಿಸುತ್ತ ಸೊಲ್ಲಿಗೆ ಸೊಲ್ಲು ಕೂಡಿಸುತ್ತಾರೆ.

ಇಲ್ಲಿ ಒಂದು ಮಾತು. ನೀವು ಪರೀಕ್ಷೆಗೆಂದು ಪದ್ಯವನ್ನು ಉರುಹೊಡೆಯುವಂತಹ ಕೆಲಸವಲ್ಲ ಇದು. ಕೇಳುವವರ ಮುಖ ನೋಡಿ ಯುದ್ಧವನ್ನು ಹಿಗ್ಗಿಸಬೇಕು, ಶೋಕವನ್ನು ತಡೆದು ಹಿಡಿಯಬೇಕು. ಕಥೆಯ ಎಲುಬುಗೂಡು ಹಳೆಯದಾದರೂ ಮೈ ಪ್ರತಿ ರಾತ್ರಿಯೂ ಹೊಸದು. ಕಂಪಿಲಿಯ ರಾಜಕುಮಾರನಾದ ಕುಮಾರರಾಮನ ಕಥೆಯನ್ನು 16ನೆಯ ಶತಮಾನದಲ್ಲಿ ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದನು. ಅವನನ್ನು ನಾವು ಸಂಕೋಚವಿಲ್ಲದೆ ಕವಿ ಎನ್ನುತ್ತೇವೆ. ಅದೇ ವೀರನನ್ನು, ಕಂಪಿಲಿಗೆ ಸಮೀಪದ ನೆಲದಲ್ಲಿಯೇ ಹಾಡಿದ ಈರಮ್ಮನವರನ್ನು ಮಾತ್ರ ‘ಹಾಡುಗಾರ್ತಿ’ ಎಂದು ಕರೆದು ಸುಮ್ಮನಾಗುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ದೂರದ ಕೆರಿಬಿಯನ್ ಸಮುದ್ರದಲ್ಲಿರುವ ಜಮೈಕ ದ್ವೀಪದಲ್ಲಿಯೂ ಇಂತಹುದೇ ಸಂಗತಿ ನಡೆಯಿತು. ಇಂಗ್ಲಿಷಿಗೆ ಆಫ್ರಿಕದ ನುಡಿಗಳು ಬೆರೆತು ಹುಟ್ಟಿದ ಅಲ್ಲಿಯ ಜನರ ಮಾತಿಗೆ ಕ್ರಿಯೋಲ್ ಎಂದು ಹೆಸರು. ಲೂಯಿಸ್ ಬೆನೆಟ್ (1919–2006) ಎಂಬ ಕವಯಿತ್ರಿ ಆ ಮಾತಿನಲ್ಲಿಯೇ ಕವಿತೆ ಬರೆದು ರಂಗದ ಮೇಲೆ ಹೇಳಿದರು. ಜನ ನಕ್ಕು ನಲಿದರು. ವಿದ್ವಾಂಸರು ಅದನ್ನು ವಿನೋದವೆಂದು ಬದಿಗಿಟ್ಟರು. ಕಾವ್ಯವೆಂಬ ಮನ್ನಣೆ ದೊರೆಯಲು ವರ್ಷಗಳೇ ಹಿಡಿದವು. ಬೆನೆಟ್ ಅಕ್ಷರ ಬಲ್ಲವರು, ತಮ್ಮ ಕವಿತೆಗಳನ್ನು ತಾವೇ ಅಚ್ಚಿಗೆ ಕೊಡಬಲ್ಲವರಾಗಿದ್ದರು. ಈರಮ್ಮನವರಿಗೆ ಆ ಅನುಕೂಲವೂ ಇರಲಿಲ್ಲ.

ಅವರ ಕಾವ್ಯಗಳನ್ನು ಬರಹಕ್ಕಿಳಿಸಿ ಪ್ರಕಟಿಸಿದ ಕೀರ್ತಿ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಸಲ್ಲುತ್ತದೆ. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿಯೂ 2003ರಲ್ಲಿ ನಾಡೋಜ ಗೌರವವೂ ಅವರಿಗೆ ಸಂದವು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು.

ಪುಸ್ತಕಗಳು ಉಳಿದಿವೆ. ಗುಮ್ಮಟೆಯ ಪೆಟ್ಟು, ಕಥೆ ನಿಲ್ಲಿಸಿ ಕೇಳುಗರತ್ತ ತಿರುಗುವ ನೋಟ, ಎರಡು ಭಾಷೆಗಳ ನಡುವೆ ಜಾರುವ ಕೊರಳು, ಇವು ಅಚ್ಚಿನಲ್ಲಿ ಸಿಗುವುದಿಲ್ಲ. ಅಲೆಮಾರಿಗಳ ಮಕ್ಕಳು ಶಾಲೆಗೆ ಬರುತ್ತಿದ್ದಾರೆ, ಬರಲೇಬೇಕು. ಆದರೆ ಹಿರಿಯರ ಮಗ್ಗುಲಲ್ಲಿ ಕುಳಿತು ಕಥೆ ಕಲಿಯುವ ಆ ದೀರ್ಘ ರಾತ್ರಿಗಳು ಅವರ ಪಾಲಿಗೆ ಇನ್ನಿಲ್ಲ.