ಗೋಡೆಯ ಮೇಲಿನ ಬಿಸಿಲೂ ಹನ್ನೆರಡು ಸಾವಿರ ಲ್ಯೂಮೆನ್ಸೂ

ಪ್ರಶ್ನೆ: ನಮ್ಮದು ಧಾರವಾಡ ಜಿಲ್ಲೆಯ ಒಂದು ಸಿ.ಎಸ್.ಐ. ಸಭೆ. ಬಾಸೆಲ್ ಮಿಶನ್ ಕಾಲದ ದೇವಾಲಯ, 60 ಅಡಿ ಉದ್ದ, 30 ಅಡಿ ಅಗಲ, ವೇದಿ ಪೂರ್ವಕ್ಕಿದೆ. ಸಂಗೀತ ಪುಸ್ತಕಗಳು ಹರಿದುಹೋಗಿವೆ, ಹೊಸ ಗೀತೆಗಳು ಅವುಗಳಲ್ಲಿ ಇಲ್ಲ. ಬೆಳೆ ಹಬ್ಬದ ಹರಾಜು, ಕಾಣಿಕೆ ಎಲ್ಲ ಸೇರಿ ಪ್ರೊಜೆಕ್ಟರಿಗೆಂದು 1,20,000 ರೂಪಾಯಿ ಕೂಡಿದೆ. ಅಂಗಡಿಯವರು ಲೇಸರ್ ಮಷೀನೇ ಆಗಬೇಕು, ಎರಡು ಲಕ್ಷ ದಾಟುತ್ತದೆ ಎನ್ನುತ್ತಾರೆ. ಯುವಕ ಸಂಘದವರು ಆನ್‌ಲೈನಿನಲ್ಲಿ 9,000ಕ್ಕೆ 12,000 ಲ್ಯೂಮೆನ್ಸ್‌ನದೇ ಸಿಗುತ್ತದೆಂದು ಮೊಬೈಲ್ ಹಿಡಿಯುತ್ತಾರೆ. ಹಿರಿಯರಿಗೆ ವೇದಿಯ ಹತ್ತಿರ ಸಿನಿಮಾ ಸ್ಕ್ರೀನ್ ಬರುವುದೇ ಬೇಡ. ಇದರ ನಡುವೆ ಸದಸ್ಯರೊಬ್ಬರು ತಮ್ಮ ಕಚೇರಿಯ ಹಳೆಯ ಪ್ರೊಜೆಕ್ಟರ್ ಪುಕ್ಕಟೆ ಕೊಡುತ್ತೇನೆಂದಿದ್ದಾರೆ. ಯಾರ ಮಾತು ಕೇಳಲಿ?
— ಸಭೆಯ ಕಾರ್ಯದರ್ಶಿ

ಉತ್ತರ: ಕಾರ್ಯದರ್ಶಿಗಳೇ, ಎಲ್ಲರ ಮಾತನ್ನೂ ಬರೆದಿದ್ದೀರಿ, ಗೋಡೆಯದೊಂದನ್ನು ಬಿಟ್ಟು. ಬೆಳಿಗ್ಗೆ 9 ಗಂಟೆಗೆ, ನಿಮ್ಮ ಆರಾಧನೆಯ ಹೊತ್ತಿಗೆ, ಸ್ಕ್ರೀನ್ ಬರುವ ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತದೆ? ಅದು ಗೊತ್ತಾಗುವವರೆಗೆ ಯಾರಿಗೂ ಮುಂಗಡ ಕೊಡಬೇಡಿ.

ಪ್ರೊಜೆಕ್ಟರಿಗೆ ಬಿಳುಪು ಚೆಲ್ಲಲು ಬರುತ್ತದೆ, ಕಪ್ಪು ಚೆಲ್ಲಲು ಬರುವುದಿಲ್ಲ. ಅದು ತೋರಿಸುವ ಕಪ್ಪು ಎಂದರೆ ಆ ಗೋಡೆ ಮೊದಲೇ ಎಷ್ಟು ಬೆಳ್ಳಗೆ ಕಾಣುತ್ತಿತ್ತೋ ಅಷ್ಟೇ. ಅಕ್ಷರದ ಬಿಳುಪು ಈ ‘ಕಪ್ಪಿ’ಗಿಂತ ಏಳು ಪಟ್ಟಾದರೂ ಇದ್ದರೆ ಓದಲು ಹಿತ. ಲೆಕ್ಕ ಹಾಕೋಣ. 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಸ್ಕ್ರೀನಿಗೆ 4,000 ಲ್ಯೂಮೆನ್ಸ್ ಮಷೀನ್ ಸುಮಾರು 1,200 ಲಕ್ಸ್ ಬೆಳಕು ಕೊಡುತ್ತದೆ. ಬಾಗಿಲು, ಕಿಟಕಿ ತೆರೆದಿದ್ದು ಗೋಡೆಯ ಮೇಲೆ ಆಗಲೇ 1,000 ಲಕ್ಸ್ ಇದ್ದರೆ ಅಂತರ ಎರಡು ಪಟ್ಟಿನ ಆಸುಪಾಸು. ದುಡ್ಡು ಸುರಿದು 8,000 ಲ್ಯೂಮೆನ್ಸ್ ತಂದರೂ ಮೂರೂವರೆ ಪಟ್ಟು ದಾಟುವುದಿಲ್ಲ. ಅದೇ 4,000ದ ಮಷೀನ್ ಇಟ್ಟುಕೊಂಡು ಗೋಡೆಯ ಬೆಳಕನ್ನು 170 ಲಕ್ಸ್‌ಗೆ ಇಳಿಸಿದರೆ ಎಂಟು ಪಟ್ಟು. ನಿಮ್ಮ ಬಡ ಬಜೆಟ್ಟಿನ ಅತ್ಯಂತ ಲಾಭದ ಖರೀದಿ ದಪ್ಪ ಬಟ್ಟೆಯ ಕರ್ಟನ್, ಅಂಗಡಿಯವರು ಅದನ್ನು ಮಾರುವುದಿಲ್ಲವಾದ್ದರಿಂದ ಅದರ ಹೆಸರೆತ್ತಿಲ್ಲ.

ವೇದಿ ಪೂರ್ವಕ್ಕಿರುವುದರಿಂದ ಅದರ ಹಿಂದೆ ಬಣ್ಣದ ಗಾಜಿದ್ದರೆ ಆ ಬೆಳಕು ಕೂತವರ ಕಣ್ಣಿಗೆ ಬರುತ್ತದೆಯೇ ಹೊರತು ಸ್ಕ್ರೀನಿನ ಮುಖಕ್ಕಲ್ಲ. ಅದನ್ನು ಮುಚ್ಚುವ ಯೋಚನೆ ಬೇಡ, ಹಿರಿಯರೂ ಒಪ್ಪಲಾರರು. ಸ್ಕ್ರೀನನ್ನು ಕೆಡಿಸುವುದು ದಕ್ಷಿಣದ ಮುಂದಿನ ಎರಡು ಕಿಟಕಿಗಳು, ಎದುರಿಗೇ ಇರುವ ಪಶ್ಚಿಮದ ಹೆಬ್ಬಾಗಿಲು, ಮತ್ತು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಮುಂದಿನ ಸಾಲಿನ ಟ್ಯೂಬ್‌ಲೈಟು. ಕಿಟಕಿಗೆ ಬಟ್ಟೆ, ಮೊದಲ ಗೀತೆಗೆ ಬಾಗಿಲು ಓರೆ, ಟ್ಯೂಬ್‌ಲೈಟಿಗೆ ಬೇರೆ ಸ್ವಿಚ್ಚು. ಲಕ್ಸ್ ಅಳೆಯುವ ಆ್ಯಪ್ ಮೊಬೈಲಿಗೆ ಸಿಗುತ್ತದೆ. ಕರಾರುವಾಕ್ಕಲ್ಲ, ಆದರೆ 1,000ಕ್ಕೂ 170ಕ್ಕೂ ವ್ಯತ್ಯಾಸ ಹೇಳುವಷ್ಟು ಸಾಕು. ಯುವಕ ಸಂಘದವರ ಕೈಗೆ ಆ ಕೆಲಸ ಕೊಡಿ.

ಅವರು ತೋರಿಸಿದ 12,000 ಲ್ಯೂಮೆನ್ಸ್ ಬಗ್ಗೆ ಒಂದೇ ಮಾತು: ಎಎನ್‌ಎಸ್‌ಐ ಅಥವಾ ಐಎಸ್‌ಒ ಎಂಬ ಗುರುತಿಲ್ಲದ ಲ್ಯೂಮೆನ್ಸ್ ಅಂಕಿಗೆ ಅರ್ಥವಿಲ್ಲ. ಆ ಬೆಲೆಯ ಎಲ್‌ಇಡಿ ಪೆಟ್ಟಿಗೆಗಳು ನಿಜವಾಗಿ ಕೊಡುವುದು ಕೆಲವು ನೂರು. ಕತ್ತಲೆ ಕೋಣೆಯಲ್ಲಿ ಕ್ರಿಕೆಟ್ ನೋಡಲು ಚೆನ್ನ.

ಲೇಸರ್ ಕೆಟ್ಟದ್ದೆಂದು ಹೇಳಲಾರೆ. 20,000 ಗಂಟೆ ಬಾಳುತ್ತದೆ ಎಂಬುದೇ ಅದರ ದೊಡ್ಡ ಮಾರಾಟದ ಮಾತು. ಆದರೆ ನೀವು ಗಾಯನ ಮಂಡಳಿಯ ಅಭ್ಯಾಸವನ್ನೂ ಹಿಡಿದು ವಾರಕ್ಕೆ ನಾಲ್ಕು ಗಂಟೆ ಓಡಿಸುವವರು, ವರ್ಷಕ್ಕೆ ಸುಮಾರು 200. ಸಾಧಾರಣ ಲ್ಯಾಂಪಿನ 5,000 ಗಂಟೆಯೇ ಕಾಗದದ ಮೇಲೆ 25 ವರ್ಷ. ದಿನವಿಡೀ ಓಡುವ ಕಾಲೇಜಿಗೆ ಲೇಸರ್ ಕೊಳ್ಳುವುದರಲ್ಲಿ ನ್ಯಾಯವಿದೆ, ನಿಮಗೆ ಅದು ಹಬ್ಬದ ಊಟಕ್ಕೆಂದು ಕೊಂಡ ಕೊಪ್ಪರಿಗೆಯಲ್ಲಿ ದಿನಾ ಒಬ್ಬರಿಗೆ ಗಂಜಿ ಕಾಯಿಸಿದಂತೆ. ಒಂದು ವಿಷಯದಲ್ಲಿ ಮಾತ್ರ ಅಂಗಡಿಯವರು ಸರಿ. ಲ್ಯಾಂಪ್ ಉರಿಯುತ್ತಿರುವಾಗ ಕರೆಂಟ್ ಹೋದರೆ ಫ್ಯಾನೂ ನಿಲ್ಲುತ್ತದೆ, ಆ ಬಿಸಿ ಒಳಗೇ ಉಳಿದು ಲ್ಯಾಂಪಿನ ಆಯುಸ್ಸು ಕಡಿಮೆಯಾಗುತ್ತದೆ. ಲೇಸರಿಗೆ ಆ ಚಿಂತೆ ಕಡಿಮೆ. ನೀವು 1,000 ವಿಎ ಯುಪಿಎಸ್ ಒಂದನ್ನು ಸೇರಿಸಿದರೆ ಲ್ಯಾಂಪಿಗೂ ಆ ಚಿಂತೆ ತೀರುತ್ತದೆ.

ಸ್ಕ್ರೀನ್ ಎಷ್ಟು ದೊಡ್ಡದಿರಬೇಕೆಂದು ಕಡೆಯ ಬೆಂಚು ಹೇಳಬೇಕು. ಅದು 50 ಅಡಿ ದೂರದಲ್ಲಿದೆ ಎಂದುಕೊಳ್ಳಿ. ಹತ್ತಡಿಗೆ ಒಂದು ಅಂಗುಲದ ಲೆಕ್ಕದಲ್ಲಿ ಅಕ್ಷರ ಐದು ಅಂಗುಲ ಎತ್ತರ ಬೇಕು. ಇಂಗ್ಲಿಷಿಗೆ ಅಷ್ಟು ಸಾಕು. ನಮ್ಮ ಅಕ್ಷರಕ್ಕೆ ಕೆಳಗೆ ಒತ್ತು, ಮೇಲೆ ಗುಣಿಸು, ಹಾಗಾಗಿ ಸಾಲುಗಳ ನಡುವೆ ಅಷ್ಟೇ ಜಾಗ ಬೇಕು, ಇಲ್ಲದಿದ್ದರೆ ‘ಸ್ತೋತ್ರ’ದ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ನಾಲ್ಕೂವರೆ ಅಡಿ ಎತ್ತರದಲ್ಲಿ ಹೀಗೆ, ಮೇಲೂ ಕೆಳಗೂ ಅಂಚು ಬಿಟ್ಟು, ನಾಲ್ಕೇ ಸಾಲು ಹಿಡಿಯುತ್ತವೆ. ನಾಲ್ಕು ಸಾಲು ಸಾಕು, ಗೀತೆಯ ಚರಣವೂ ಹೆಚ್ಚಾಗಿ ಅಷ್ಟೇ. ದೊಡ್ಡದಿರಲೆಂದು 12 ಅಡಿ ಅಗಲಕ್ಕೆ ಹೋದರೆ ಅದೇ ಮಷೀನಿನ ಬೆಳಕು ಅರ್ಧಕ್ಕಿಂತ ಕಡಿಮೆಗೆ ತೆಳುವಾಗುತ್ತದೆ. ಗೀತೆಯ ಹಿಂದೆ ಜಲಪಾತ, ಸೂರ್ಯೋದಯದ ವಿಡಿಯೋ ಹಾಕುವ ಉತ್ಸಾಹ ಯಾರಿಗಾದರೂ ಇದ್ದರೆ ಈಗಲೇ ತಡೆಯಿರಿ, ಹಿನ್ನೆಲೆ ಕಪ್ಪಾಗಿರದಿದ್ದರೆ ಏಳು ಪಟ್ಟಿನ ಲೆಕ್ಕ ಕೆಡುತ್ತದೆ.

ಹಿರಿಯರ ಆಕ್ಷೇಪಣೆಯನ್ನು ಹಳೆಯ ಕಾಲದ ಹಟವೆಂದು ತಳ್ಳಬೇಡಿ. ಸ್ಕ್ರೀನ್ ಶಿಲುಬೆಯನ್ನು ಮುಚ್ಚಕೂಡದು, ಕರ್ತನ ಭೋಜನದ ಹೊತ್ತಿಗೆ ವೇದಿಯಿಂದ ಕಣ್ಣು ಸೆಳೆಯಕೂಡದು. ವೇದಿಯ ಕಮಾನಿನ ಉತ್ತರ ಪಕ್ಕದಲ್ಲಿ ಎಂಟಡಿ ಗೋಡೆ ಸಿಗುತ್ತದೆಯೇ ಅಳೆಯಿರಿ, ಏಳಡಿ ಸಿಕ್ಕರೂ ನಡೆಯುತ್ತದೆ, ಆಗ ಚರಣವನ್ನು ಎರಡಾಗಿ ಒಡೆಯಿರಿ. ಪ್ರೊಜೆಕ್ಟರನ್ನು ಆ ಸ್ಕ್ರೀನಿನ ನೇರಕ್ಕೇ, ಸಾಮಾನ್ಯ ಲೆನ್ಸಾದರೆ ಅಗಲದ ಒಂದೂವರೆ ಪಟ್ಟು ದೂರದಲ್ಲಿ, ಅಂದರೆ ಸುಮಾರು 12 ಅಡಿಗೆ, ಅಡ್ಡತೊಲೆಯಿಂದ ಪೈಪು ಇಳಿಸಿ ಕೂರಿಸಬೇಕು. ನಡುದಾರಿಯ ಮೇಲೆ ತೂಗುಹಾಕಿ, ಓರೆಯಾದ ಚಿತ್ರವನ್ನು ಕೀಸ್ಟೋನ್ ಬಟನ್ನಿನಿಂದ ಸರಿಮಾಡುತ್ತೇವೆ ಎಂದರೆ ಒಪ್ಪಬೇಡಿ, ಅದು ಬೆಳಕನ್ನೂ ಅಕ್ಷರದ ಅಂಚನ್ನೂ ತಿನ್ನುತ್ತದೆ. ಫಿಲ್ಟರಿನ ಧೂಳು ಒರೆಸಲು ಏಣಿ ತಲುಪುವಂತಿರಲಿ. ಲ್ಯಾಪ್‌ಟಾಪಿನಿಂದ ತಂತಿ 15 ಮೀಟರ್ ದಾಟುವುದಾದರೆ ಸಾಮಾನ್ಯ ಎಚ್‌ಡಿಎಂಐ ಕೈಕೊಡಬಹುದು, ಕ್ಯಾಟ್-6 ತಂತಿಯ ಎಕ್ಸ್‌ಟೆಂಡರ್ ಹಾಕಿಸಿ.

ಹಣದ ಹಂಚಿಕೆಯಲ್ಲಿ ಮಷೀನಿಗೆ 70,000 ದಾಟದಂತೆ ನೋಡಿಕೊಳ್ಳಿ. ಉಳಿದದ್ದು ಸ್ಕ್ರೀನ್, ಪೈಪು, ತಂತಿ, ಯುಪಿಎಸ್, ಕರ್ಟನ್ನುಗಳಿಗೆ ಬೇಕೇ ಬೇಕು. ಸಾಫ್ಟ್‌ವೇರಿಗೆ ಖರ್ಚಿಲ್ಲ, ಗೀತೆ ತೋರಿಸುವ ಓಪನ್‌ಎಲ್‌ಪಿ ಉಚಿತ. ಆದರೆ ಗೀತೆಗಳನ್ನು ಯೂನಿಕೋಡಿನಲ್ಲೇ ಟೈಪ್ ಮಾಡಿಸಿ. ಹಳೆಯ ನುಡಿ ಫಾಂಟಿನ ಫೈಲು ಬೇರೆ ಲ್ಯಾಪ್‌ಟಾಪಿಗೆ ಹೋದ ಕೂಡಲೇ ಅರ್ಥವಾಗದ ಗುರುತುಗಳಾಗುತ್ತದೆ, ಅದೂ ಸಭಾಪಾಲಕರು ಗೀತೆಯ ಸಂಖ್ಯೆ ಹೇಳಿ ಎಲ್ಲರೂ ಎದ್ದು ನಿಂತ ಮೇಲೆ. ಸಂಗೀತ ಪುಸ್ತಕಗಳಿಗೆ ಹೊಸ ರಟ್ಟು ಹಾಕಿಸಿ ಬೆಂಚಿನಲ್ಲೇ ಇಡಿ. ಇನ್ನೊಂದು, ಕೊಟೇಶನ್ ಹಳೆಯದಾಗಿ ಜಿಎಸ್‌ಟಿ 28% ಎಂದಿದ್ದರೆ ತಿದ್ದಿಸಿ, 2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರಿಗೆ 18%.

ಕೊಳ್ಳುವ ಮೊದಲು ಭಾನುವಾರ ಬೆಳಿಗ್ಗೆ 9ಕ್ಕೇ ಮಷೀನ್ ತಂದು ತೋರಿಸಲು ಹೇಳಿ. ಸಂಜೆ ಬರುತ್ತೇವೆ ಎನ್ನುತ್ತಾರೆ, ಸಂಜೆ ಎಲ್ಲ ಪ್ರೊಜೆಕ್ಟರೂ ಚೆನ್ನಾಗಿಯೇ ಕಾಣುತ್ತದೆ. ಬೇಡವೆಂದ ಹಿರಿಯರನ್ನೇ ಕಡೆಯ ಬೆಂಚಿಗೆ ಕೂರಿಸಿ ಓದಿಸಿ.

ಪುಕ್ಕಟೆಯ ಪ್ರೊಜೆಕ್ಟರನ್ನೂ ಅದೇ ದಿನ ಪಕ್ಕದಲ್ಲಿಟ್ಟು ನೋಡಿ. ಅದರ ಮೆನುವಿನಲ್ಲಿ ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಎಂಬ ಅಂಕಿ ಇರುತ್ತದೆ. ಪೂರ್ತಿ ಬಿಳಿ ಚಿತ್ರ ಹಾಕಿದಾಗ ಹಳದಿ, ನೀಲಿ ಕಲೆ ಕಂಡರೆ ಒಳಗಿನ ಪ್ಯಾನೆಲ್ ಬೆಂದಿದೆ, ಹೊಸ ಲ್ಯಾಂಪ್ ಹಾಕಿದರೂ ಹೋಗದು. ಕಲೆಯಿಲ್ಲದೆ ಬೆಳಕಷ್ಟೇ ಮಂಕಾಗಿದ್ದರೆ ಕೃತಜ್ಞತೆಯಿಂದ ತೆಗೆದುಕೊಂಡು ಭಾನುವಾರ ಶಾಲೆಯ ಕೋಣೆಯಲ್ಲಿ ಹಾಕಿ. ಅಲ್ಲಿ ಕಿಟಕಿ ಮುಚ್ಚಿದರೆ ಯಾರೂ ಜಗಳಕ್ಕೆ ಬರುವುದಿಲ್ಲ.